ರಕ್ತ ತೆಗೆದ ಆ ಸಿಸ್ಟರ್‌ಗೆ ಧನ್ಯವಾದ

ತಲೆನೋವು, ಬೆವರು, ಎದೆಬಡಿತ ಒಟ್ಟಿಗೆ ಬಂದುಹೋಗುತ್ತಾ ಬಿಪಿ ಏರಿದಾಗ ಫಿಯೋಕ್ರೊಮೊಸೈಟೋಮಾ (ಅಡ್ರಿನಲಿನ್‌ನಂಥ ಹಾರ್ಮೋನ್ ಸುರಿಸುವ, ಅಡ್ರಿನಲ್ ಗ್ರಂಥಿಯ ಗಡ್ಡೆ) ನೆನಪಾಗಬೇಕು. ಅದನ್ನು ಪತ್ತೆಹಚ್ಚುವ ಮೆಟಾನೆಫ್ರಿನ್ (ಆ ಹಾರ್ಮೋನುಗಳು ಒಡೆದು ಉಂಟಾಗುವ ವಸ್ತು) ರಕ್ತಪರೀಕ್ಷೆ ದಾರಿ ತಪ್ಪುವುದು ಹೆಚ್ಚಾಗಿ ರಕ್ತ ತೆಗೆಯುವಾಗಲೇ. ಕೂತಲ್ಲೇ ತೆಗೆದರೆ ಅದರ ಒಂದು ಬಗೆಯಾದ ನಾರ್‌ಮೆಟಾನೆಫ್ರಿನ್ ಸುಮ್ಮನೆ ಏರುತ್ತದೆ; ಗಡ್ಡೆಯೇ ಇಲ್ಲದವರಿಗೂ ಸ್ಕ್ಯಾನ್ ಬರೆದುಬಿಡುತ್ತಾರೆ.

ಸಿಸ್ಟರ್, ನೀವು ಮೊದಲೇ ಕ್ಯಾನುಲಾ (ರಕ್ತನಾಳದಲ್ಲಿ ಇಡುವ ಸಣ್ಣ ಕೊಳವೆ) ಹಾಕಿ, ರೋಗಿಯನ್ನು 30 ನಿಮಿಷ ಅಂಗಾತ ಮಲಗಿಸಿದಿರಿ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ ನಡೆಯುತ್ತಿದೆಯೇ ಎಂದು ವಿಚಾರಿಸಿದಿರಿ (ಅದೂ ಮಟ್ಟ ಏರಿಸುತ್ತದೆ, ಯಾರೂ ಕೇಳುವುದೇ ಇಲ್ಲ). ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬನ್ನು ಐಸಿನಲ್ಲಿಟ್ಟು ಕಳಿಸಿದಿರಿ. ಹಾಗಾಗಿಯೇ ಆ ವರದಿಯನ್ನು ನಂಬಿ ಸಿಟಿ ಸ್ಕ್ಯಾನ್‌ಗೆ ಹೋಗಲು ಸಾಧ್ಯವಾಯಿತು.

ಇನ್ನೊಂದು ಉಪಕಾರ: ಎದೆಬಡಿತಕ್ಕೆಂದು ಬರೆದಿದ್ದ ಬೀಟಾ ಬ್ಲಾಕರ್ ಕಂಡು ಡಾಕ್ಟರಿಗೆ ತಿಳಿಸಿದಿರಿ. ಈ ಗಡ್ಡೆ ಇದ್ದವರಿಗೆ, ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್‌ಗಿಂತ ಮೊದಲು ಅದನ್ನು ಕೊಟ್ಟರೆ ರಕ್ತನಾಳ ಬಿಗಿದು ಬಿಪಿ ಜೀವಕ್ಕೆ ಕುತ್ತಾಗುವಷ್ಟು ಏರಬಹುದು. ನಿಮ್ಮ ಹೆಸರು ಕೇಳಲಾಗಲಿಲ್ಲ, ಮನಸಾರೆ ವಂದನೆ.