ಹೀಟರ್‌ನ ಬೆಂಕಿಯನ್ನು ಕಣ್ಣಾರೆ ನೋಡಬೇಕು

ಮಾನ್ಯರೇ,

ತೈಲ ಶುದ್ಧೀಕರಣಾಗಾರಗಳಲ್ಲಿ ಇಂಧನ ಉಳಿಸುವ ಬಗೆಗಿನ ನಿಮ್ಮ ಲೇಖನ ಓದಿದೆ. ಹೀಟರ್‌ಗೆ, ಅಂದರೆ ಟ್ಯೂಬ್‌ಗಳಲ್ಲಿ ಹರಿಯುವ ಎಣ್ಣೆಯನ್ನು ಬೆಂಕಿಯಿಂದ ಕಾಯಿಸುವ ಕುಲುಮೆಗೆ, ಹೋಗುವ ಗಾಳಿಯನ್ನು ತಗ್ಗಿಸಿ, ಹೊಗೆಯಲ್ಲಿನ ಆಮ್ಲಜನಕವನ್ನು ಶೇ 2–3ಕ್ಕೆ ತಂದರೆ ಸಾಕು ಎಂದು ಅದರಲ್ಲಿದೆ. ಅಂಕಿ ತಪ್ಪಲ್ಲ. ಆದರೆ ಎಲ್ಲಿ ಅಳೆದ ಅಂಕಿ ಎಂಬುದನ್ನು ಲೇಖನ ಹೇಳಿಲ್ಲ. ವರ್ಷಗಟ್ಟಲೆ ಹೀಟರ್ ನಡೆಸಿದ ನನಗೆ ಅದೇ ಮುಖ್ಯ.

ಚಿಮಣಿಯ ಸೆಳೆತದಿಂದಾಗಿ ಹೀಟರ್‌ನ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುತ್ತದೆ. ತುಕ್ಕು ತಿಂದ ತಗಡು, ಟ್ಯೂಬ್ ಹಾದುಹೋಗುವ ಸಂದು, ಮುಚ್ಚಲು ಮರೆತ ಇಣುಕುಕಿಂಡಿ, ಎಲ್ಲಿ ಜಾಗ ಸಿಕ್ಕರೂ ಹೊರಗಾಳಿ ನುಗ್ಗುತ್ತದೆ. ಮಾಪಕ ಚಿಮಣಿಯಲ್ಲಿದ್ದರೆ ಈ ಕಳ್ಳಗಾಳಿಯನ್ನೂ ಸೇರಿಸಿಕೊಂಡು ಶೇ 4 ಎನ್ನುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಪರದೆ ನೋಡುವವರು ಬರ್ನರ್‌ಗಳ ಗಾಳಿಯನ್ನು ಇನ್ನಷ್ಟು ಕಿರಿದು ಮಾಡಿಸುತ್ತಾರೆ. ಗಾಳಿ ಸಾಲದ ಬೆಂಕಿ ಉದ್ದಕ್ಕೆ ಚಾಚಿ, ಕೆನ್ನಾಲಿಗೆ ಟ್ಯೂಬ್‌ಗಳಿಗೆ ತಾಗುತ್ತದೆ. ತಾಗಿದಲ್ಲಿ ಒಳಗಿನ ಎಣ್ಣೆ ತಳ ಹಿಡಿದಂತೆ ಸೀದು ಕೋಕ್ (ಇಂಗಾಲದ ಗಟ್ಟಿ ಪದರ) ಕಟ್ಟುತ್ತದೆ. ಕೋಕ್ ಅಡ್ಡವಾದ ಮೇಲೆ ಶಾಖ ಎಣ್ಣೆಗೆ ದಾಟದೆ ಲೋಹ ಕಾಯುತ್ತದೆ. ಹೊರಬರುವ ಎಣ್ಣೆಯ ಉಷ್ಣಾಂಶ ಮಾತ್ರ ಬದಲಾಗುವುದಿಲ್ಲ. ನಿಯಂತ್ರಕ ಇಂಧನ ಹೆಚ್ಚಿಸಿ ಅದನ್ನು ಕಾಯ್ದುಕೊಳ್ಳುತ್ತದೆ.

ಸಾಮಾನ್ಯವಾಗಿ 1,00,000 ಗಂಟೆಗಳ ಬಾಳಿಕೆಯನ್ನು ಲೆಕ್ಕ ಹಾಕಿ ಟ್ಯೂಬ್‌ನ ದಪ್ಪ ನಿರ್ಧರಿಸುತ್ತಾರೆ, ಅಂದರೆ ಹನ್ನೊಂದು ವರ್ಷಕ್ಕೂ ಹೆಚ್ಚು. ಮಿತಿಯ ಅಂಚಿನಲ್ಲಿ ದುಡಿಯುವ ಲೋಹ ಹದಿನೈದು ಡಿಗ್ರಿ ಹೆಚ್ಚು ಕಾಯ್ದರೂ ಆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯಬಹುದು. ಒಮ್ಮೆ ರಾತ್ರಿ ಪಾಳಿಯಲ್ಲಿ ಪರದೆಯ ಮೇಲೆ ಒಂದೂ ಎಚ್ಚರಿಕೆ ಇರಲಿಲ್ಲ. ಕಿಂಡಿ ತೆರೆದು ನೋಡಿದರೆ ಒಂದು ಟ್ಯೂಬ್ ಮೇಲೆ ಅಂಗೈಯಗಲ ಕೆಂಡದ ಬಣ್ಣದ ಮಚ್ಚೆ! ಉಷ್ಣಮಾಪಕ ಕೂರಿಸಿದ್ದು ಬೇರೆ ಟ್ಯೂಬ್‌ಗೆ. ಆ ಕೆಂಪು ಇಂದಿಗೂ ನನ್ನ ಕಣ್ಣಲ್ಲಿದೆ.

ಆದ್ದರಿಂದ ಆಮ್ಲಜನಕವನ್ನು ಬೆಂಕಿಗೂಡಿನಿಂದ ಹೊಗೆ ಹೊರಡುವ ಜಾಗದಲ್ಲೇ ಅಳೆಯಬೇಕು. ಗಾಳಿ ತಗ್ಗಿಸುವ ಮೊದಲು ಸೋರಿಕೆಗಳನ್ನು ಮುಚ್ಚಬೇಕು. ಪ್ರತಿ ಪಾಳಿಯಲ್ಲೂ ಒಬ್ಬರು ಹೀಟರ್ ಸುತ್ತಿ ಪ್ರತಿಯೊಂದು ಬರ್ನರ್‌ನ ಬೆಂಕಿಯನ್ನೂ ನೋಡಲೇಬೇಕು. ಇದಕ್ಕೆ ಸಿಬ್ಬಂದಿ ಸಾಲದು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ.

ಗಾಳಿ ತಗ್ಗಿಸಲು ಹೇಳುವ ಲೇಖನದಲ್ಲಿ ಇರಲೇಬೇಕಿದ್ದ ಇನ್ನೊಂದು ಮಾತು: ಗಾಳಿ ಸಾಲದೆ ಬೆಂಕಿ ಮಂಕಾಗಿ ಹೊಯ್ದಾಡತೊಡಗಿದರೆ ಗಾಬರಿಯಿಂದ ಗಾಳಿ ತೆರೆಯಬಾರದು. ಒಳಗೆ ಉರಿಯದೆ ತುಂಬಿಕೊಂಡ ಅನಿಲಕ್ಕೆ ಒಮ್ಮೆಲೇ ಗಾಳಿ ಸಿಕ್ಕರೆ ಹೀಟರ್ ಸ್ಫೋಟಿಸಬಹುದು. ಮೊದಲು ಇಂಧನ ತಗ್ಗಿಸಬೇಕು, ಗಾಳಿಯ ಮಾತು ಆಮೇಲೆ.

– ನಿವೃತ್ತ ಹೀಟರ್ ನಿರ್ವಾಹಕ