ಮೂರನೇ ನಂಬರ್ ಜೆರ್ಸಿಯ ಋಣ

ನಿನ್ನೆ ವೆಲ್ಲಿಂಗ್‌ಟನ್‌ನಲ್ಲಿ ನಮ್ಮ ರಗ್ಬಿ ತಂಡದ ಸೀಸನ್ ಮುಗಿಯಿತು. ಪೂರ್ತಿ 80 ನಿಮಿಷ ಮೂರನೇ ನಂಬರ್ ಜೆರ್ಸಿಯಲ್ಲಿ ಆಡಿದೆ. ನನ್ನ ಕಡೆಯಿಂದ ಒಂದು ಸ್ಕ್ರಮ್ (ಎರಡೂ ತಂಡದವರು ಬಗ್ಗಿ, ಭುಜ ಕೊಟ್ಟು ಚೆಂಡಿಗಾಗಿ ನೂಕಾಡುವುದು) ಕೂಡ ಕುಸಿಯಲಿಲ್ಲ. ಮ್ಯಾಚ್ ಸೋತೆವು, ಅದು ಬೇರೆ ಮಾತು.

ಊರಲ್ಲಿ ಕಬಡ್ಡಿ ಆಡಿದವನು ನಾನು. ಚೈನ್ ಕಟ್ಟಿ ರೈಡರ್‌ಗಳನ್ನು ಕೆಡವಿದ ಸೊಕ್ಕಿತ್ತು. ಸ್ಕ್ರಮ್‌ನಲ್ಲಿ ಒಂದೊಂದು ಕಡೆ ಎಂಟೆಂಟು ಜನ. ಮುಂದಿನ ಸಾಲಿನ ಬಲತುದಿಯಲ್ಲಿರುವ ಮೂರನೇ ನಂಬರಿನವನ ತಲೆ ಎದುರಿನ ಇಬ್ಬರ ತಲೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಕಳೆದ ವರ್ಷ ನಾನು ನೆಲ ನೋಡುತ್ತಾ, ಬೆನ್ನು ಗೂನು ಮಾಡಿಕೊಂಡು, ಎಲ್ಲರಿಗಿಂತ ಮೊದಲೇ ನೂಕಿದೆ. ಸ್ಕ್ರಮ್ ಕುಸಿಯಿತು. ಪಕ್ಕೆಲುಬು ನೋಯಿಸಿಕೊಂಡು ಆರು ವಾರ ಮನೆಯಲ್ಲಿ ಕೂತೆ.

ಮೊದಲ ಥ್ಯಾಂಕ್ಸ್ ಮುಂದಿನ ಸಾಲಿನ ಮಧ್ಯದಲ್ಲಿ, ನನ್ನ ಎಡಕ್ಕೆ ನಿಲ್ಲುವ ನಮ್ಮ ಹುಕ್ಕರ್‌ಗೆ. ಪ್ರಾಕ್ಟೀಸ್ ಮುಗಿದ ಮೇಲೂ ಮಳೆಯಲ್ಲಿ ನಿಂತು ಕಲಿಸಿದ. ರೆಫ್ರಿ ‘ಕ್ರೌಚ್’ ಅಂದಾಗ ಮಂಡಿ ಮಡಚಬೇಕು, ಭುಜ ಸೊಂಟಕ್ಕಿಂತ ಕೆಳಗೆ ಹೋಗಬಾರದು. ‘ಬೈಂಡ್’ ಅಂದಾಗ ಬಲಗೈ ಎದುರಿನವನ ಎಡತೋಳಿನ ಹೊರಗಿಂದ ಹೋಗಿ ಅವನ ಬೆನ್ನಿನ ಜೆರ್ಸಿ ಹಿಡಿಯಬೇಕು. ತೋಳು ಹಿಡಿದರೆ ತಪ್ಪು. ‘ಸೆಟ್’ ಅಂದ ಮೇಲೇ ಕೂಡುವುದು. ಮೊದಲೆಲ್ಲ ದೂರದಿಂದ ನುಗ್ಗಿ ಡಿಕ್ಕಿ ಹೊಡೆಯುತ್ತಿದ್ದರು. 2013ರಲ್ಲಿ ಈ ‘ಬೈಂಡ್’ ಬಂತು. ಆ ನಿಯಮಕ್ಕೂ ನನ್ನ ಕತ್ತು ಋಣಿ!

ನನ್ನ ತಲೆಗೆ ಹೋಗಲು ಜಾಸ್ತಿ ದಿನ ಹಿಡಿದದ್ದು ಎಡಗೈ ವಿಷಯ. “ಎದುರಿನವನ ಜೊತೆ ಜಗಳಕ್ಕೆ ಬಿದ್ದು ನನ್ನನ್ನು ಬಿಟ್ಟುಬಿಡ್ತೀಯ” ಅಂದ ಹುಕ್ಕರ್. ನಿಜ. ಹುಕ್ಕರ್‌ನನ್ನು ಹಿಡಿದಿದ್ದ ನನ್ನ ಎಡಗೈ ಪ್ರತಿ ಸಲ ಸಡಿಲವಾಗುತ್ತಿತ್ತು. ಹಿಂದಿನವರು ಕೊಟ್ಟ ಬಲವೆಲ್ಲ ನಮ್ಮಿಬ್ಬರ ನಡುವಿನ ಸಂದಿಯಲ್ಲೇ ಪೋಲು. ಎಡಗೈ ಬಿಗಿಯಾದ ದಿನ ನಾವು ನೂಕಿ ಪ್ರಾಕ್ಟೀಸ್ ಮಾಡುವ ಸ್ಕ್ರಮ್ ಮೆಷಿನ್ ಮೊದಲ ಸಲ ನೆಟ್ಟಗೆ ಹಿಂದಕ್ಕೆ ಸರಿಯಿತು.

ನನ್ನ ಹಿಂದೆ ಎರಡನೇ ಸಾಲಿನಲ್ಲಿ ನಿಂತು ನೂಕುವ ಲಾಕ್‌ಗೂ ಥ್ಯಾಂಕ್ಸ್. ಅವನ ಭುಜ ನನಗೆ ಎಲ್ಲಿ ಒತ್ತಿಕೊಂಡಿರುತ್ತದೆ ಅಂತ ಇಲ್ಲಿ ಬರೆಯಲಾರೆ. “ತಡಿ, ಇನ್ನೂ ತಡಿ” ಅಂತ ಅವನು ಹಿಂದಿನಿಂದ ಹೇಳುತ್ತಿದ್ದದ್ದಕ್ಕೇ ನನ್ನ ಆತುರ ಹೋಯಿತು.

ನಿನ್ನೆ ಎದುರು ತಂಡದ ಮುಂದಿನ ಸಾಲಿನ ತುದಿಯಲ್ಲಿ ನಿಂತು ನನಗೆ ಭುಜ ಕೊಟ್ಟ ಪ್ರಾಪ್‌ಗೂ. ಕೆಸರಲ್ಲಿ ನನ್ನ ಕಾಲು ಜಾರಿತ್ತು. ಅವನು ಜೆರ್ಸಿ ಕೆಳಕ್ಕೆ ಎಳೆಯಲಿಲ್ಲ, ಬಿಗಿಯಾಗಿ ಹಿಡಿದು ನಿಲ್ಲಿಸಿದ. ಆಮೇಲೆ ಒಂದಡಿ ಹಿಂದಕ್ಕೆ ನೂಕಿದ ಕೂಡ, ಬಿಡಿ.

ಆರು ವಾರ ನನ್ನ ಶೂ ಲೇಸ್ ಕಟ್ಟಿದ ಹೆಂಡತಿಗೆ ಏನು ಹೇಳಿದರೂ ಕಮ್ಮಿ. ಇವತ್ತು ಬೆಳಿಗ್ಗೆ ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ಕೆಂಪು ಕಿವಿ ನೋಡಿ, “ಯಾರೋ ಹಿಂಡಿದ್ದು?” ಅಂದಳು. ಮುಂದಿನ ಸೀಸನ್‌ವರೆಗೆ ಯಾರೂ ಹಿಂಡಲ್ಲಮ್ಮ.