ಗೆಳೆಯನಿಗೊಂದು ಪತ್ರ: ಬೆಳಗೊಳದ ಬಸದಿಯಲ್ಲಿ ಅಮ್ಮನ ಜೊತೆ

ಪ್ರೀತಿಯ ಗೆಳೆಯಾ,

ನಾವೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದ ಫೋಟೊ ನೋಡಿ ಕೇಳಿದ್ದೆಯಲ್ಲ, ‘ಏನೋ, ಭಕ್ತಿ ಜಾಸ್ತಿ ಆಯ್ತಾ, ಇಲ್ಲಾ ಇತಿಹಾಸದ ಹುಚ್ಚಾ?’ ಅಂತ. ಫೋನಿನಲ್ಲಾದರೆ ಅರ್ಧಕ್ಕೇ ಬೇರೆ ಮಾತು ಶುರುವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎರಡೂ ಹೌದು ಕಣೋ. ಇತ್ತೀಚೆಗೆ ನನಗೆ ಅವೆರಡೂ ಬೇರೆ ಬೇರೆ ಅಂತ ಅನ್ನಿಸುವುದೇ ಇಲ್ಲ.

ಅಮ್ಮನಿಗೆ ಮೊಣಕಾಲು ನೋವು ನಿನಗೆ ಗೊತ್ತಲ್ಲ. ಗೊಮ್ಮಟ ನಿಂತಿರುವ ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಡೋಲಿ ಇದೆ ಅಂದರೆ, ‘ಇನ್ನೊಬ್ಬರ ಹೆಗಲ ಮೇಲೆ ಕೂತು ದೇವರ ಹತ್ತಿರ ಹೋಗಲ್ಲ’ ಅಂದುಬಿಟ್ಟಳು. ಸರಿ, ನನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಿದಳು, ನಾನು ಅಮ್ಮನ ಜೊತೆ ಊರೊಳಗಿನ ಭಂಡಾರ ಬಸದಿಗೆ ಹೋದೆ. ಹೊಯ್ಸಳ ದೊರೆ ಒಂದನೇ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು, ಹೆಸರು ಬಂದಿದ್ದೂ ಹಾಗೆಯೇ. ಒಳಗೆ 24 ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ದಿನಾ ವಿಷ್ಣು ಸಹಸ್ರನಾಮ ಹೇಳುವ ನಮ್ಮಮ್ಮ ಒಂದು ತುದಿಯಿಂದ ಶುರು ಮಾಡಿದಳು. ಮೂರ್ತಿಯ ಮುಂದೆ ನಿಂತು, ಸೆರಗು ಹೆಗಲಿಗೆ ಎಳೆದುಕೊಂಡು, ಕೈ ಮುಗಿದು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಪಕ್ಕಕ್ಕೆ ಒಂದು ಹೆಜ್ಜೆ. ಮತ್ತೆ ಅದೇ. ಒಬ್ಬರನ್ನೂ ಬಿಡಲಿಲ್ಲ. ಹೆಸರು ಗೊತ್ತಿಲ್ಲದವರಿಗೂ ಅಷ್ಟೇ ಹೊತ್ತು ನಿಂತಳು. ನಾನು ಸುಮ್ನೆ ಹಿಂದೆ ನಿಂತು ನೋಡುತ್ತಿದ್ದೆ.

ಅದೇ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನ ಇದೆ. ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ ಅಂತ ಶಾಲೆಯಲ್ಲಿ ಒಂದು ಸಾಲು ಓದಿ ಮುಂದೆ ಹೋಗಿದ್ದೆವು, ಅಲ್ವಾ? ಮನೆಗೆ ಬಂದು ನಮ್ಮ ನಾಡಿನ ಶಾಸನಗಳನ್ನು ಅಚ್ಚು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ ತೆಗೆದು ಕೂತೆ. ಲೂಯಿಸ್ ರೈಸ್ 1889ರಲ್ಲಿ ತಂದಿದ್ದನ್ನು ಆರ್. ನರಸಿಂಹಾಚಾರ್ಯರು ಹೆಚ್ಚಿಸಿ, ತಿದ್ದಿ 1923ರಲ್ಲಿ ಮತ್ತೆ ತಂದರು. ಇದೊಂದೇ ಊರಿನ ಶಾಸನಗಳಿಗೆ ಒಂದಿಡೀ ಸಂಪುಟ!

ಜಗಳ ಆಗಿತ್ತು, ನಿಜ. ತಮಗಾದ ಅನ್ಯಾಯವನ್ನು ಜೈನರು ರಾಜನ ಮುಂದೆ ಹೇಳಿಕೊಂಡರು. ಬುಕ್ಕರಾಯ ಎರಡೂ ಕಡೆಯ ಮುಖ್ಯಸ್ಥರನ್ನು ಕೂರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ಪಂಚಮಹಾವಾದ್ಯ, ಕಳಶ ಮೊದಲಿನಂತೆಯೇ ಜೈನರಿಗೆ ಸಲ್ಲಬೇಕು ಅಂತ ತೀರ್ಪು ಕೊಟ್ಟ. ಇಷ್ಟು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಮಾತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ‘ಹಣ’ (ಆಗಿನ ನಾಣ್ಯ) ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು, ಉಳಿದಿದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಜವಾಬ್ದಾರಿ ಯಾರಿಗೆ ಕೊಟ್ಟರು ಗೊತ್ತಾ? ತಿರುಮಲೆಯ ತಾತಯ್ಯನಿಗೆ. ವೈಷ್ಣವರವನಿಗೆ!

ಇದನ್ನು ಓದಿ ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಕೂತಿದ್ದೆ. ಕೈ ಕೈ ಸೇರಿಸುವುದು ಒಂದು ದಿನದ ಕೆಲಸ. ಪಕ್ಕದವರ ಗುಡಿಗೆ ಪ್ರತಿ ವರ್ಷ ಸುಣ್ಣ ಹೊಡೆಸುವುದು, ಕಾವಲಿನವರ ಸಂಬಳದ ಲೆಕ್ಕ ಇಡುವುದು, ಅದು ಎಷ್ಟೋ ವರ್ಷದ ಕೆಲಸ. ಒಳ್ಳೆಯ ಮಾತಾಡಿ ಅವರವರನ್ನು ಮನೆಗೆ ಕಳಿಸದೆ, ಇಷ್ಟು ಬಿಡಿಸಿ ಕಲ್ಲಲ್ಲಿ ಬರೆಸಿದ್ದಾರಲ್ಲ, ಅದು ನನಗೆ ಬಹಳ ದೊಡ್ಡದು ಅನ್ನಿಸಿತು. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಮತ್ತೆ, ದೇವರ ಮನೆ ಹಾಳು ಬೀಳೋಕೆ ಬಿಡ್ತಾರಾ?’ ಅಂದಳು, ಅಷ್ಟೇ.

ಬೆಟ್ಟ ಹತ್ತಿ ಬಂದ ಮಗಳದ್ದು ಬೇರೆಯೇ ಕಥೆ. ಸುಮಾರು 58 ಅಡಿಯ ಗೊಮ್ಮಟನಿಗಿಂತ ಅವಳಿಗೆ ಹಿಡಿಸಿದ್ದು ಗುಳ್ಳಕಾಯಜ್ಜಿ. ಚಾವುಂಡರಾಯ ಎಷ್ಟು ಹಾಲು ಸುರಿದರೂ ಮೂರ್ತಿಯ ಪಾದದವರೆಗೆ ಇಳಿಯಲಿಲ್ಲವಂತೆ, ಅಜ್ಜಿಯೊಬ್ಬಳು ಗುಳ್ಳಕಾಯಿ ಅನ್ನುವ ಸಣ್ಣ ಕಾಯಿಯೊಳಗೆ ತಂದ ಅಷ್ಟೇ ಹಾಲು ಮೈಯೆಲ್ಲ ತೋಯಿಸಿತಂತೆ. ‘ಇದು ನಿಜಾನಾ ಅಪ್ಪ?’ ಅಂತ ಕೇಳಿದಳು. ಗೊಮ್ಮಟನನ್ನು ಕಡೆಸಿದ್ದು ಗಂಗರ ಮಂತ್ರಿ ಚಾವುಂಡರಾಯ, ಅದಕ್ಕೆ ಪಾದದ ಬಳಿಯೇ ಬರಹ ಇದೆ, 981ರ ಸುಮಾರಿಗೆ ಅಂತ ಓದಿದವರು ಹೇಳುತ್ತಾರೆ. ಅಜ್ಜಿಯದು ಜನ ಹೇಳಿಕೊಂಡು ಬಂದ ಕಥೆ, ಆದರೆ ಅಷ್ಟು ದೊಡ್ಡ ಮಂತ್ರಿಯ ಕಥೆಯೊಳಗೆ ಒಬ್ಬ ಬಡ ಅಜ್ಜಿಯನ್ನು ಸೇರಿಸಿ, ಗೊಮ್ಮಟನ ಎದುರಿಗೇ ಅವಳ ಮೂರ್ತಿ ಇಟ್ಟರಲ್ಲ, ಆ ಜನ ಇದ್ದಿದ್ದು ನಿಜ ಅಂದೆ. ಎರಡನ್ನೂ ಅವಳು ಕಲಿಯಲಿ. ಯಾವುದು ಯಾವುದು ಅಂತ ಗೊತ್ತಿದ್ದರೆ ಸಾಕು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ನೀನು ಹಾಕುವ ಟೂರ್ ಪ್ಲಾನ್ ಇದೆಯಲ್ಲ, ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಯೊಳಗೆ ಬೆಳಗೊಳ ಅಂತ, ಅದು ಬೇಡ. ಚಪ್ಪಲಿ ಬಿಡುವುದು, ಹಾಕುವುದು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರಂತೂ ದಿನಕ್ಕೆ ಒಂದೇ ಊರು ಸಾಕು. ಅವರ ನಡಿಗೆಗೆ ಸರಿಯಾಗಿ ನಾವು ನಡೆದರೆ ನಮಗೂ ನಾಲ್ಕು ಜಾಸ್ತಿ ಕಾಣುತ್ತದೆ.

ಇದೇ ಬುಕ್ಕರಾಯನ ಶಾಸನದ ಇನ್ನೊಂದು ಪ್ರತಿ ಮಾಗಡಿ ಹತ್ತಿರದ ಕಲ್ಯದಲ್ಲಿದೆ. ಮುಂದಿನ ಸಲ ಅಲ್ಲಿಗೆ. ನಿಮ್ಮಪ್ಪನನ್ನೂ ಕರೆದುಕೊಂಡು ಬಾ, ಹಳಗನ್ನಡ ಅವರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಬರುತ್ತದೆ. ಯಾವ ಭಾನುವಾರ ಅಂತ ಈ ವಾರದೊಳಗೆ ತಿಳಿಸು, ಪುಸ್ತಕ ನಾನು ತರುತ್ತೇನೆ.

ನಿನ್ನ ಗೆಳೆಯ